ಮೈಸೂರು ಸಂಸ್ಥಾನವು ಆಯವ್ಯಯವನ್ನು ಕಲಿತ ಬಗೆ



ಯಾವುದಾದರೊಂದು ಕಛೇರಿಯಲ್ಲಿ ಹೊಸದಾಗಿ ಅಧಿಕಾರ ವಹಿಸಿಕೊಂಡವರ ಮುಂದೆ ಮೊದಲು ಬಂದು ನಿಲ್ಲುವ ಕಾಗದಗಳಲ್ಲಿ ಆಯವ್ಯಯದ ಅಂದಾಜುಪಟ್ಟಿಯೂ ಒಂದು. ಅದರಲ್ಲಿ ಕೆಲವು ಬಾಬುಗಳು, ಅವುಗಳ ಮುಂದೆ ಅಂಕಿಗಳು, ಕೊನೆಗೆ ಒಂದು ಮೊತ್ತ. ಕೂಡುವುದು ಕಳೆಯುವುದು ನಮಗೆ ಬಾರದೆ ಎಂದು ಅವರು ಧೈರ್ಯ ತಾಳುತ್ತಾರೆ. ವರ್ಷ ಮುಗಿಯುವುದರೊಳಗಾಗಿ ಒಂದು ಬಾಬಿನಲ್ಲಿ ಹಣ ಸಾಲದೆ ಹೋಗುತ್ತದೆ. ಮತ್ತೊಂದರಲ್ಲಿ ಮಿಕ್ಕು ಬಿದ್ದಿರುತ್ತದೆ. ಕೊನೆಯ ತಿಂಗಳಿನಲ್ಲಿ ಬೇಕಾದದ್ದಕ್ಕೆ ಹಣವಿಲ್ಲದೆ, ಇರುವ ಹಣ ರದ್ದಾಗಿ ಹೋದೀತೆಂಬ ಭಯದಿಂದ ಬೇಡವಾದದ್ದನ್ನು ಕೊಳ್ಳುವ ಪ್ರಸಂಗ ಬರುತ್ತದೆ. ಆಗ, ಇದು ಗಣಿತದ ವಿದ್ಯೆಯೊಂದರಿಂದಲೇ ಸಾಗುವ ಕೆಲಸವಲ್ಲವೆಂಬುದು ಮನಸ್ಸಿಗೆ ಹೊಳೆಯುತ್ತದೆ. ಒಬ್ಬ ಗುಮಾಸ್ತೆಯೋ ಮೇಲಧಿಕಾರಿಯೋ ಒಂದೆರಡು ವರ್ಷಗಳಲ್ಲಿ ಕಲಿತುಕೊಳ್ಳಬೇಕಾದ ಈ ಪಾಠವನ್ನು ಒಂದು ಸಂಸ್ಥಾನವು ಕಲಿಯಲು ಎಷ್ಟು ಕಾಲ ಹಿಡಿಯಿತು, ಅದಕ್ಕಾಗಿ ಎಂತಹ ಬೆಲೆಯನ್ನು ತೆತ್ತಿತು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ. ಉದಾಹರಣೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಚರಿತ್ರೆಯೇ ಸಾಕು.

ಮೊದಲು ಹೆಸರಿನ ವಿಚಾರ. ಬಡ್ಜೆಟ್ಟು ಎಂಬ ಇಂಗ್ಲಿಷ್ ಮಾತು ಹಳೆಯ ಫ್ರೆಂಚ್ ಭಾಷೆಯಲ್ಲಿ ಚಿಕ್ಕ ತೊಗಲಚೀಲಕ್ಕಿದ್ದ ಹೆಸರಿನಿಂದ ಹುಟ್ಟಿದುದು. ನಮ್ಮ ಹಿರಿಯರು ಪ್ರಯಾಣಕ್ಕೆ ಹೊರಡುವಾಗ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಮ್ಮಿಣಿಯನ್ನು ನೆನೆದುಕೊಂಡರೆ ಈ ಅರ್ಥ ಸುಲಭವಾಗಿ ತಿಳಿಯುತ್ತದೆ. ಕನ್ನಡದಲ್ಲಿ ನಾವು ಅದನ್ನು ಮುಂಗಡಪತ್ರ ಎನ್ನುತ್ತೇವೆ. ಹಮ್ಮಿಣಿಗೂ ಮುಂಗಡಪತ್ರಕ್ಕೂ ಬಹಳ ಅಂತರವುಂಟು. ಹಮ್ಮಿಣಿಯು ಈಗ ಕೈಯಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಅದೂ ಕಟ್ಟಿಕೊಂಡವನಿಗೆ ಮಾತ್ರ. ಮುಂಗಡಪತ್ರವು ಮುಂದೆ ಏನು ಬರುತ್ತದೆ, ಅದು ಯಾವುದಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಹೇಳುತ್ತದೆ; ಅದೂ ನಾಲ್ಕು ಜನ ಕೇಳುವಂತೆ ಹೇಳುತ್ತದೆ. ಮೈಸೂರು ಸಂಸ್ಥಾನದ ಹಣಕಾಸಿನ ಇತಿಹಾಸವೆಂದರೆ ಹಮ್ಮಿಣಿಯಿಂದ ಮುಂಗಡಪತ್ರಕ್ಕೆ ನಡೆದುಬಂದ ದಾರಿಯ ಇತಿಹಾಸ.

ಹಾಗೆಂದು ನಮ್ಮ ದೇಶದ ಪ್ರಾಚೀನರಿಗೆ ಲೆಕ್ಕಾಚಾರದ ಶಿಸ್ತು ತಿಳಿದಿರಲಿಲ್ಲವೆಂದು ಭಾವಿಸಬಾರದು. ಕೌಟಿಲ್ಯನ ಅರ್ಥಶಾಸ್ತ್ರವು ಆಯ, ವ್ಯಯ, ನೀವಿ ಎಂಬ ಮೂರು ಭಾಗಗಳನ್ನು ಮಾಡುತ್ತದೆ, ನೀವಿಯೆಂದರೆ ಶಿಲ್ಕು. ಆಷಾಢ ಮಾಸದ ಹುಣ್ಣಿಮೆಗೆ ಲೆಕ್ಕದ ವರ್ಷ ಮುಗಿಯಬೇಕೆಂದೂ, ಆಗ ಎಲ್ಲ ಕಡೆಯ ಲೆಕ್ಕಿಗರು ತಮ್ಮ ಪುಸ್ತಕಗಳೊಡನೆ ಬಂದು ಒಪ್ಪಿಸಬೇಕೆಂದೂ ಅದು ವಿಧಿಸುತ್ತದೆ. ಸರ್ಕಾರದ ಹಣವನ್ನು ಅಪಹರಿಸುವುದಕ್ಕೆ ನಲವತ್ತು ಬಗೆಗಳನ್ನು ಎಣಿಸಿ ಹೇಳುತ್ತದೆ. ಈ ಗ್ರಂಥವನ್ನು ಲೋಕಕ್ಕೆ ಮರಳಿ ದೊರಕಿಸಿಕೊಟ್ಟವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. 1905ರಲ್ಲಿ ಅದು ಅವರ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸರ್ಕಾರದ ಲೆಕ್ಕದ ವರ್ಷವೂ ಜೂನ್ 30ಕ್ಕೆ, ಎಂದರೆ ಆಷಾಢದ ಆಸುಪಾಸಿಗೇ, ಮುಗಿಯುತ್ತಿದ್ದುದು ಕಾಕತಾಳೀಯವಾದರೂ ನೆನಪಿನಲ್ಲಿಡತಕ್ಕ ಸಂಗತಿ.

ಮೈಸೂರಿನಲ್ಲಿ ಹಣಕಾಸಿನ ಕ್ರಮವನ್ನು ಏರ್ಪಡಿಸಿದವರಲ್ಲಿ ಹೆಸರಾದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಅಠಾರಾ ಕಛೇರಿ ಅವರ ಕಾಲದ್ದು. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ತಿಯಾದ ದೊಡ್ಡ ಕಟ್ಟಡಕ್ಕೂ ಅದೇ ಹೆಸರು ನಿಂತಿತು. ದಿನವೂ ಎರಡು ಸಾವಿರ ವರಹಗಳನ್ನು ಬೊಕ್ಕಸಕ್ಕೆ ಸೇರಿಸಿದ ಹೊರತು ಅವರು ಉಪಾಹಾರವನ್ನು ಮುಟ್ಟುತ್ತಿರಲಿಲ್ಲವೆಂದು ಐತಿಹ್ಯ. ಜನರು ಅವರನ್ನು ನವಕೋಟಿನಾರಾಯಣನೆಂದು ಕರೆದರು. ಉಳಿತಾಯದ ನಿಷ್ಠೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಆದರೆ ಇದು ಹಮ್ಮಿಣಿಯ ನಿಷ್ಠೆ. ದೊರೆ ಸಮರ್ಥನಾಗಿರುವವರೆಗೆ ಚೀಲ ತುಂಬುತ್ತದೆ. ಆ ಕೈ ಬದಲಾದ ಮೇಲೆ ಏನಾಗಬೇಕೆಂಬುದಕ್ಕೆ ಅಲ್ಲಿ ಬರವಣಿಗೆಯ ಕಟ್ಟಿಲ್ಲ.

ಈ ಕುಂದು ಎಷ್ಟು ದುಬಾರಿಯಾಗಬಹುದೆಂಬುದು ಒಂದು ಶತಮಾನದ ಮೇಲೆ ತಿಳಿದುಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಏರ್ಪಟ್ಟ ಒಪ್ಪಂದದಂತೆ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಂಪೆನಿಗೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಕೊಡಬೇಕಾಗಿದ್ದಿತು. ಈ ಹೊರೆಯನ್ನು ಹೊತ್ತೂ ದಿವಾನ್ ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಹಣವಿದ್ದಿತೆಂದು ಗ್ಯಾಸೆಟಿಯರು ಹೇಳುತ್ತದೆ. ಅಂದಿನ ಕಾಲಕ್ಕೆ ಅದು ಊಹೆಗೆ ಮೀರಿದ ಧನ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ನಿಜಮಾಡುವುದಕ್ಕೆಂಬಂತೆ, ಇಪ್ಪತ್ತು ವರ್ಷಗಳೊಳಗೆ ಆ ಹಣ ಕರಗಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಇಪ್ಪತ್ತು ವರ್ಷಗಳಲ್ಲಿ ಅಂದಾಜು ಎಂಬುದು ಇರಲಿಲ್ಲವೆಂದಲ್ಲ. ಒಂದು ಬಗೆಯ ಅಂದಾಜು ಇದ್ದಿತು. ಅದೇ ಶರತ್ತಿನ ಪದ್ಧತಿ. ಇಂತಿಷ್ಟು ಕಂದಾಯವನ್ನು ವಸೂಲುಮಾಡಿ ಕೊಡುತ್ತೇವೆಂದು ಅಮಲ್ದಾರರು ಮೊದಲೇ ಶರತ್ತು ಬರೆದುಕೊಡಬೇಕು. ಕಡಮೆಯಾದರೆ ತಾವೇ ತುಂಬಿಕೊಡಬೇಕು. ಬರುವ ಹಣ ಹೀಗೆ ನಿಶ್ಚಯವಾಗುತ್ತಿತ್ತು. ಹೋಗುವ ಹಣಕ್ಕೆ ಮಾತ್ರ ಯಾವ ನಿಶ್ಚಯವೂ ಇರಲಿಲ್ಲ. ಮಳೆ ಹೋದರೂ ಶರತ್ತಿನ ಅಂಕಿ ಹೋಗುವಂತಿರಲಿಲ್ಲ. ಅಮಲ್ದಾರನು ತನ್ನ ತಲೆಯ ಮೇಲಿನ ಭಾರವನ್ನು ರೈತನ ತಲೆಗೆ ಇಳಿಸಿದನು. 1830ರಲ್ಲಿ ನಗರ ಸೀಮೆಯಲ್ಲಿ ದಂಗೆ ಎದ್ದಿತು. 1831ರಲ್ಲಿ ಕಂಪೆನಿಯವರು ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಕಂಪೆನಿಯ ಈ ಕ್ರಮ ನ್ಯಾಯವಾದುದೆ ಎಂಬ ವಿಷಯದಲ್ಲಿ ಗವರ್ನರ್ ಜನರಲ್ ಬೆಂಟಿಂಕರಿಗೇ ಮುಂದೆ ಸಂದೇಹ ಬಂದಿತು; ಆ ವಾದ ಇಂದಿಗೂ ಮುಗಿದಿಲ್ಲ. ನಮಗೆ ಬೇಕಾದದ್ದು ಇಷ್ಟೇ: ಒಂದು ಬದಿಗೆ ಮಾತ್ರ ಬರೆದ ಅಂದಾಜುಪಟ್ಟಿಯು ಅಂದಾಜೇ ಇಲ್ಲದಿರುವುದಕ್ಕಿಂತಲೂ ಅಪಾಯಕರವಾಯಿತು. ಮೇಲಿನಿಂದ ಅಂಕಿ ಗೊತ್ತುಮಾಡಿ ಕೆಳಗಿನವರನ್ನು ಹೇಗಾದರೂ ಮುಟ್ಟಿಸಿರೆಂದು ಹೇಳುವ ಕಛೇರಿಗಳಿಗೆಲ್ಲ ಈ ಮಾತು ಸಲ್ಲುತ್ತದೆ.

ಆ ಬಳಿಕ ಐವತ್ತು ವರ್ಷ ಮೈಸೂರು ಕಮೀಷನರುಗಳ ಆಳ್ವಿಕೆಯಲ್ಲಿದ್ದಿತು. 1834ರಿಂದ 1861ರವರೆಗೆ ಇದ್ದ ಮಾರ್ಕ್ ಕಬ್ಬನ್ನರು ಹಳೆಯ ಪದ್ಧತಿಯ ಚೌಕಟ್ಟನ್ನು ಉಳಿಸಿಕೊಂಡೇ ಸಾಲವನ್ನು ತೀರಿಸಿ, 769 ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಅಷ್ಟರಲ್ಲಿ ಕಲ್ಕತ್ತೆಯಲ್ಲಿ ಹೊಸತೊಂದು ನಡೆಯಿತು. 1857ರ ಕ್ರಾಂತಿಯಿಂದ ಇಂಡಿಯಾ ಸರ್ಕಾರದ ಸಾಲ ಬೆಳೆದುದರಿಂದ ಜೇಮ್ಸ್ ವಿಲ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ಇಂಗ್ಲೆಂಡಿನಿಂದ ಕರೆಸಿದರು. ಅವರು 1860ರಲ್ಲಿ ಇಂಡಿಯಾದ ಮೊದಲನೆಯ ಬಡ್ಜೆಟ್ಟನ್ನು ಮಂಡಿಸಿ, ಅದೇ ವರ್ಷ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿಯೇ ತೀರಿಕೊಂಡರು. ಅವರು ಬಿಟ್ಟುಹೋದ ಕ್ರಮ ಮಾತ್ರ ಉಳಿಯಿತು. 1862ರಿಂದ 1870ರವರೆಗೆ ಬೌರಿಂಗರು ಮೈಸೂರಿನ ಇಲಾಖೆಗಳನ್ನು ಬ್ರಿಟಿಷ್ ಪ್ರಾಂತಗಳ ಅಚ್ಚಿಗೆ ತಂದರು. ಇಲಾಖೆಗಳು ತಮ್ಮ ಖರ್ಚನ್ನು ಮೊದಲು ಅಂದಾಜುಮಾಡಿ ಮಂಜೂರಾತಿ ಪಡೆಯುವುದು, ಮಂಜೂರಾದ ಬಾಬಿನಲ್ಲಿಯೇ ಖರ್ಚುಮಾಡುವುದು, ಬಳಿಕ ಬೇರೊಬ್ಬರು ಅದನ್ನು ತನಿಖೆಮಾಡುವುದು, ಈ ಮೂರು ಹೆಜ್ಜೆಗಳು ಕಛೇರಿಯ ಅಭ್ಯಾಸವಾಗಬೇಕೆಂಬುದು ಹೊಸ ಕಾಲದ ನಿಯಮವಾಯಿತು.

ಈ ಪಾಠವನ್ನು ಚೆನ್ನಾಗಿ ಕಲಿತವರೊಬ್ಬರು ನಮ್ಮ ಕಥೆಯ ನಾಯಕರು. ಸಿ. ರಂಗಾಚಾರ್ಲು ಅವರು ಹುಟ್ಟಿದ್ದು 1831ರಲ್ಲಿ, ಎಂದರೆ ಮೈಸೂರು ಕೈತಪ್ಪಿದ ವರ್ಷದಲ್ಲಿಯೇ. ಮದರಾಸು ಸರ್ಕಾರದಲ್ಲಿ ಕೆಳಗಿನ ಹುದ್ದೆಯಿಂದ ಮೇಲೆ ಬಂದ ಅವರಿಗೆ ಕಛೇರಿಯ ಕಾಗದವು ಒಂದು ಮೇಜಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ, ಎಲ್ಲಿ ತಂಗುತ್ತದೆ ಎಂಬುದು ಸ್ವಾನುಭವದಿಂದ ಗೊತ್ತಿದ್ದಿತು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವರ್ಗಸ್ಥರಾದಾಗ ಅರಮನೆಯ ವ್ಯವಹಾರಗಳನ್ನು ಇತ್ಯರ್ಥಮಾಡುವ ಕೆಲಸಕ್ಕೆ ಅವರು ಬಂದರು; ಮುಂದೆ ಅರಮನೆಯ ಕಂಟ್ರೋಲರಾದರು. ದೊಡ್ಡ ಮನೆತನದ ವ್ಯವಹಾರವೆಂದರೆ ಸಾಮಾನ್ಯವಲ್ಲ. ಆಸ್ತಿಯ ಪಟ್ಟಿಯಾಗಬೇಕು, ಸಾಲಗಾರರ ಹಕ್ಕುಗಳನ್ನು ಪರೀಕ್ಷಿಸಬೇಕು, ತಲೆತಲಾಂತರದಿಂದ ಸಂಬಳ ಪಡೆಯುತ್ತಿದ್ದವರಲ್ಲಿ ಯಾರ ಕೆಲಸ ಉಂಟು, ಯಾರದು ಹೆಸರಿಗೆ ಮಾತ್ರ ಎಂಬುದನ್ನು ನೋಡಬೇಕು, ಹಾಗೆ ನೋಡುವಾಗ ಮುದುಕರ ಅನ್ನಕ್ಕೆ ಕಲ್ಲು ಬೀಳಬಾರದು. ಒಂದು ಸಂಸ್ಥಾನದ ಆಯವ್ಯಯವನ್ನು ನಡೆಸಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದು?

ಪರೀಕ್ಷೆಯೂ ಬೇಗನೆ ಬಂದಿತು. 1876ರಿಂದ 1878ರವರೆಗೆ ಮೈಸೂರನ್ನು ಹಿಡಿದ ದೊಡ್ಡ ಬರಗಾಲ, ಧಾತು ಈಶ್ವರದ ಬರವೆಂದು ಹಿರಿಯರು ನೆನೆಯುತ್ತಿದ್ದುದು, ದೇಶದ ಬೆನ್ನುಮೂಳೆಯನ್ನೇ ಮುರಿಯಿತು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತು. ಬೊಕ್ಕಸದಲ್ಲಿ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಮುಗಿದುಹೋಗಿ, ಮೇಲೆ 80 ಲಕ್ಷ ಸಾಲವಾಯಿತು. ಲೆಕ್ಕಪತ್ರಗಳು ಕ್ರಮವಾಗಿದ್ದ ಕಾಲದಲ್ಲಿ, ಅಂದಾಜುಪಟ್ಟಿಯ ನಿಯಮ ಜಾರಿಯಲ್ಲಿದ್ದ ಕಾಲದಲ್ಲಿ, ಹೀಗಾಯಿತೆಂಬುದನ್ನು ನಾವು ಮರೆಯಬಾರದು. ಪಟ್ಟಿಯಲ್ಲಿ ಬಾಬುಗಳಿದ್ದುವು, ಮಳೆ ಬಾರದಿದ್ದರೆ ಎಂಬ ಬಾಬು ಇರಲಿಲ್ಲ. ಕೈಯಲ್ಲಿ ಹಣವಿದ್ದರೂ ಧಾನ್ಯವನ್ನು ಹಳ್ಳಿಗೆ ಮುಟ್ಟಿಸುವ ದಾರಿಗಳು ಸಾಲದಾಗಿದ್ದುವು. ಅಂದಾಜು ತಪ್ಪಿದರೆ ಕಛೇರಿಯಲ್ಲಿ ಒಂದು ಆಕ್ಷೇಪಣೆಯ ಕಾಗದ ಬರುತ್ತದೆ; ದೇಶದಲ್ಲಿ ಜನ ಸಾಯುತ್ತಾರೆ.

1881ನೆಯ ಮಾರ್ಚಿಯಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದಿತು. ರಂಗಾಚಾರ್ಲು ಅವರು ದಿವಾನರಾದರು. ಅವರ ಮುಂದಿದ್ದ ಲೆಕ್ಕವನ್ನು ಒಮ್ಮೆ ನೋಡೋಣ. ವರ್ಷದ ವರಮಾನ ಸುಮಾರು ಒಂದು ಕೋಟಿ. ಸಾಲ 80 ಲಕ್ಷ. ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸಿ ಹೊಸ ಕರಾರು ಬರೆದಿದ್ದರು. ಸಂಸ್ಥಾನದ ಸ್ಥಿತಿಯನ್ನು ಕಂಡು ಆ ಹೆಚ್ಚಳವನ್ನು ಐದು ವರ್ಷ ಮುಂದೂಡಿದರು. ಎಂದರೆ, ಐದು ವರ್ಷದೊಳಗೆ ವರಮಾನ ಬೆಳೆಯದೆ ಹೋದರೆ ರೂಪಾಯಿಗೆ ಐದು ಆಣೆಗೂ ಮೀರಿ ಪೊಗದಿಗೇ ಹೋಗಬೇಕು. ಐವತ್ತು ವರ್ಷದ ಮೇಲೆ ಮರಳಿ ದೊರೆತ ಸಂಸ್ಥಾನವು ಹಣಕಾಸಿನ ಅವ್ಯವಸ್ಥೆಯ ನೆಪದಿಂದ ಇನ್ನೊಮ್ಮೆ ಕೈತಪ್ಪಬಾರದಲ್ಲವೆ?

ರಂಗಾಚಾರ್ಲು ಅವರು ಮೂರು ಕೆಲಸಗಳನ್ನು ಮಾಡಿದರು. ಮೊದಲನೆಯದು ಖರ್ಚಿನ ಕಡಿತ. ಹಾಸನ, ಚಿತ್ರದುರ್ಗ ಎಂಬ ಎರಡು ಜಿಲ್ಲೆಗಳನ್ನೇ ಎತ್ತಿಬಿಟ್ಟರು. ಎರಡನೆಯದು, ಇಂತಹ ಕಷ್ಟದಲ್ಲಿಯೂ ಬೆಂಗಳೂರಿನಿಂದ ಮೈಸೂರಿಗೆ ರೈಲುದಾರಿಯನ್ನು ಹಾಕಿಸುವುದನ್ನು ಬಿಡಲಿಲ್ಲ. 1882ರಲ್ಲಿ ಅದು ಮೈಸೂರನ್ನು ಮುಟ್ಟಿತು. ಒಂದು ಕೈಯಿಂದ ಕಛೇರಿಗಳನ್ನು ಮುಚ್ಚುತ್ತ ಇನ್ನೊಂದು ಕೈಯಿಂದ ಹಳಿ ಹಾಕಿಸುವುದು ವಿರೋಧವಾಗಿ ಕಾಣಬಹುದು. ಆದರೆ ಬರಗಾಲದ ಪಾಠವನ್ನು ಕಲಿತವರಿಗೆ ಅದು ವಿರೋಧವಲ್ಲ. ಖರ್ಚುಗಳೆಲ್ಲವೂ ಒಂದೇ ಜಾತಿಯವಲ್ಲ. ಉಂಡು ಮುಗಿಸುವ ಖರ್ಚು ಬೇರೆ, ಮುಂದಿನ ವರ್ಷದ ಅನ್ನಕ್ಕೆ ದಾರಿಮಾಡುವ ಖರ್ಚು ಬೇರೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. 1881ನೆಯ ಅಕ್ಟೋಬರ್ 7ರಂದು, ದಸರೆಯ ಕಾಲದಲ್ಲಿ, ಮೈಸೂರಿನಲ್ಲಿ 144 ಜನ ರೈತರೂ ವರ್ತಕರೂ ಸೇರಿದರು. ಅದೇ ಪ್ರಜಾಪ್ರತಿನಿಧಿ ಸಭೆ. ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷಕ್ಕೆ ಯೋಚಿಸಿರುವ ಕಾರ್ಯಕ್ರಮವನ್ನೂ ಅವರ ಮುಂದಿಡುವುದು ಅದರ ಉದ್ದೇಶ. ಆ ಸಭೆಗೆ ಅಂಕಿಗಳನ್ನು ಬದಲಾಯಿಸುವ ಅಧಿಕಾರವಿರಲಿಲ್ಲ. ಕೇಳುವುದು, ತಮ್ಮ ಊರಿನ ಕಷ್ಟವನ್ನು ಹೇಳುವುದು, ಇಷ್ಟೇ. ಇದರಿಂದ ಏನು ಬಂದಿತು ಎಂದು ಈಗಿನವರು ಕೇಳಬಹುದು. ಆದರೆ ಅದುವರೆಗೆ ಖಜಾನೆಯ ಲೆಕ್ಕವು ಹುಜೂರು ಕಛೇರಿಯ ಗೋಡೆಗಳನ್ನು ದಾಟಿ ರೈತನ ಕಿವಿಗೆ ಬಿದ್ದಿರಲಿಲ್ಲ. ಒಬ್ಬ ದಿವಾನರು ಎದ್ದು ನಿಂತು ನಿಮ್ಮಿಂದ ಇಷ್ಟು ಬಂದಿತು, ಇಷ್ಟು ಸಾಲವಿದೆ, ಇಂತಿಂತಹುದಕ್ಕೆ ಖರ್ಚಾಯಿತು ಎಂದು ಹೇಳಿದ ದಿನ ಹಮ್ಮಿಣಿಯ ಬಾಯಿ ಬಿಚ್ಚಿತು. ಒಮ್ಮೆ ಬಿಚ್ಚಿದ ಮೇಲೆ ಅದನ್ನು ಮತ್ತೆ ಕಟ್ಟುವುದು ಸುಲಭವಲ್ಲ.

ರಂಗಾಚಾರ್ಲು ಅವರು 1883ನೆಯ ಜನವರಿಯಲ್ಲಿ ತೀರಿಕೊಂಡರು. ಅವರ ಕೆಲಸವೆಲ್ಲವೂ ದೋಷರಹಿತವೆಂದು ಹೇಳುವುದು ಚರಿತ್ರೆಗೆ ನ್ಯಾಯವಲ್ಲ. ಎತ್ತಿಹಾಕಿದ ಎರಡು ಜಿಲ್ಲೆಗಳನ್ನು 1886ರಲ್ಲಿ ಮರಳಿ ಸ್ಥಾಪಿಸಬೇಕಾಯಿತು. ಕಾಗದದ ಮೇಲೆ ಉಳಿದ ಹಣ ಜನರ ಅಲೆದಾಟದಲ್ಲಿ ಖರ್ಚಾಗುತ್ತದೆಂಬುದನ್ನು ಇದು ತೋರಿಸುತ್ತದೆ. ತಾಲ್ಲೂಕಿನ ರೈತನು ಕಛೇರಿಗಾಗಿ ಹತ್ತು ಹರಿದಾರಿ ಹೆಚ್ಚಾಗಿ ನಡೆದರೆ ಅದರ ಬೆಲೆ ಯಾವ ಬಾಬಿನಲ್ಲಿಯೂ ಕಾಣುವುದಿಲ್ಲ. ಆದರೂ ಅದು ಖರ್ಚೇ.

ಅವರ ಬಳಿಕ ಬಂದ ಶೇಷಾದ್ರಿ ಅಯ್ಯರವರು 1901ರವರೆಗೆ ದಿವಾನರಾಗಿದ್ದರು. 1886ರಲ್ಲಿ ಕೊಡಬೇಕಾಗಿದ್ದ ಪೊಗದಿಯ ಹೆಚ್ಚಳ ಇನ್ನೂ ಹತ್ತು ವರ್ಷ ಮುಂದಕ್ಕೆ ಹೋಯಿತು. ವಾಯಿದೆ ಸಿಕ್ಕಿತೆಂದು ಮೈಮರೆಯದೆ ಆ ಕಾಲದಲ್ಲಿ ಅವರು ವರಮಾನವನ್ನು ಬೆಳೆಸಿದರು. 1896ರಲ್ಲಿ 35 ಲಕ್ಷವನ್ನು ಕೊಡಬೇಕಾಗಿ ಬಂದಾಗ ಸಂಸ್ಥಾನದ ವರಮಾನ ಒಂದೂಮುಕ್ಕಾಲು ಕೋಟಿಯ ಮಟ್ಟವನ್ನು ಮುಟ್ಟಿದ್ದಿತು. ಕೋಲಾರದ ಚಿನ್ನದ ರಾಜಧನವೂ ಇದಕ್ಕೆ ನೆರವಾಯಿತು. ಆದರೆ ಚಿನ್ನವೆಂಬುದು ತೆಗೆದಷ್ಟೂ ಮುಗಿಯುವ ವಸ್ತು. 2001ರಲ್ಲಿ ಆ ಗಣಿಗಳು ಮುಚ್ಚಿಯೂ ಹೋದುವು. ಅಂತಹ ವರಮಾನ ಬರುತ್ತಿದ್ದ ಕಾಲದಲ್ಲಿಯೇ ಮುಗಿಯದ ವರಮಾನಕ್ಕೆ ಬೀಜ ಬಿತ್ತಿದುದು ಮೈಸೂರಿನ ವಿವೇಕ. 1898ರಲ್ಲಿ ಮಾರಿಕಣಿವೆಯ ಕಟ್ಟೆಗೆ ಕೈಹಾಕಿದರು. ಅದು 1907ರಲ್ಲಿ ಮುಗಿಯಿತು. ಶಿವನಸಮುದ್ರದ ವಿದ್ಯುಚ್ಛಕ್ತಿ 1902ರಲ್ಲಿ ಅದೇ ಚಿನ್ನದ ಗಣಿಗಳಿಗೆ ಹರಿದು, ಅದಕ್ಕೆ ಬಂದ ಬಾಡಿಗೆ ಖಜಾನೆಗೆ ಸೇರತೊಡಗಿತು. ಒಂದು ವರ್ಷದ ಪಟ್ಟಿಯನ್ನು ಬರೆಯುವಾಗ ಹತ್ತು ವರ್ಷದ ಆಚೆಗೆ ಕಣ್ಣಿಡುವುದನ್ನು ಸಂಸ್ಥಾನವು ಹೀಗೆ ಕಲಿತಿತು.

ಬಿಚ್ಚಿದ ಹಮ್ಮಿಣಿಯ ಕಥೆಯೂ ಮುಂದುವರಿಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಏರ್ಪಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ವರ್ಷದಲ್ಲಿ ಎರಡನೆಯ ಅಧಿವೇಶನವನ್ನು ಕೊಟ್ಟು ಅದರಲ್ಲಿ ಬಡ್ಜೆಟ್ಟಿನ ಚರ್ಚೆಗೆ ಅವಕಾಶವಾಯಿತು. 1923ರ ಸುಧಾರಣೆಗಳಿಂದ ನ್ಯಾಯವಿಧಾಯಕ ಸಭೆಯು, ಕೆಲವು ಮೀಸಲು ಬಾಬುಗಳ ಹೊರತು, ಖರ್ಚಿನ ಬೇಡಿಕೆಗಳ ಮೇಲೆ ಮತ ಕೊಡುವ ಹಕ್ಕನ್ನು ಪಡೆಯಿತು. ಕೇಳುವ ಹಕ್ಕಿನಿಂದ ಚರ್ಚಿಸುವ ಹಕ್ಕು, ಚರ್ಚಿಸುವ ಹಕ್ಕಿನಿಂದ ಒಪ್ಪುವ ಅಥವಾ ಒಪ್ಪದಿರುವ ಹಕ್ಕು, ಹೀಗೆ ನಲವತ್ತೆರಡು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂದಿತು. 1949ರ ಕೊನೆಗೆ ಆ ಸಭೆಗಳು ಮುಗಿದುವು. 1950ರಲ್ಲಿ ಸಂಸ್ಥಾನವು ಭಾರತ ಗಣರಾಜ್ಯದ ಒಂದು ರಾಜ್ಯವಾಯಿತು. ಇಂದು ಕರ್ನಾಟಕದ ಮುಂಗಡಪತ್ರವನ್ನು ವಿಧಾನಸಭೆಯಲ್ಲಿ ಮಂಡಿಸುವಾಗ ಅದರ ಹಿಂದೆ ಈ ಮೆಟ್ಟಿಲುಗಳಿವೆ.

ನಮ್ಮ ನಮ್ಮ ಕಛೇರಿಗಳಲ್ಲಿ ಕುಳಿತಿರುವವರಿಗೆ ಈ ಇತಿಹಾಸದಿಂದ ಏನು ಪ್ರಯೋಜನ? ಕೋಟಿ ರೂಪಾಯಿಯ ಸಂಸ್ಥಾನಕ್ಕೂ ಒಂದು ಶಾಲೆಯ ಅಥವಾ ಪುಸ್ತಕಭಂಡಾರದ ಸಣ್ಣ ಮಂಜೂರಾತಿಗೂ ಗಾತ್ರದಲ್ಲಿ ಭೇದವುಂಟೇ ಹೊರತು ತತ್ತ್ವದಲ್ಲಿ ಇಲ್ಲ. ಪಟ್ಟಿಯನ್ನು ಬರೆಯುವ ಮೊದಲು ಕಳೆದ ವರ್ಷ ನಿಜವಾಗಿ ಏನು ಖರ್ಚಾಯಿತೆಂಬುದನ್ನು ನೋಡಬೇಕು. ಏನು ಮಂಜೂರಾಗಿದ್ದಿತೆಂಬುದನ್ನು ನೋಡಿದರೆ ಸಾಲದು. ವರ್ಷದ ಕೊನೆಗೆ ಕಾಯದೆ ತಿಂಗಳು ತಿಂಗಳಿಗೂ ಅಂದಾಜನ್ನು ಖರ್ಚಿನೊಡನೆ ತಾಳೆನೋಡಬೇಕು; ಹಾಗೆ ಮಾಡಿದರೆ ಕೊನೆಯ ತಿಂಗಳ ಗಡಿಬಿಡಿ ತಾನಾಗಿಯೇ ತಪ್ಪುತ್ತದೆ. ಮಳೆ ಬಾರದ ವರ್ಷಕ್ಕೆ ಒಂದಿಷ್ಟು ತೆಗೆದಿಡಬೇಕು. ಸಾದಿಲ್ವಾರಿನಲ್ಲಿ ಕಡಿತಮಾಡುವಾಗ ಆ ಕಡಿತ ಯಾರ ಕಾಲಿಗೆ ನಡಿಗೆಯಾಗಿ ಬರುತ್ತದೆಂದು ಕೇಳಿಕೊಳ್ಳಬೇಕು. ಒಮ್ಮೆ ಮಾತ್ರ ಬರುವ ಹಣವನ್ನು ಎಂದೆಂದಿಗೂ ಬರುವ ಖರ್ಚಿಗೆ ಗಂಟುಹಾಕಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು, ಅಂಕಿಗಳನ್ನು ಜೊತೆಯಲ್ಲಿ ಕೆಲಸಮಾಡುವವರ ಮುಂದೆ ಹೇಳುವುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಎಲ್ಲರೂ ಉಪದೇಶಮಾಡುತ್ತಾರೆ. ಹಾಸಿಗೆ ಎಷ್ಟು ಉದ್ದವಿದೆಯೆಂಬುದನ್ನು ಮಲಗುವವರಿಗೆ ತೋರಿಸದೆ ಮಾಡಿದ ಉಪದೇಶದಿಂದ ಫಲವಿಲ್ಲ. ಪೂರ್ಣಯ್ಯನವರ ಎರಡು ಕೋಟಿ ಇಪ್ಪತ್ತು ವರ್ಷ ಬಾಳಲಿಲ್ಲ. ಎಂಬತ್ತು ಲಕ್ಷದ ಸಾಲವನ್ನು ಎದುರಿಗಿಟ್ಟುಕೊಂಡು 144 ಜನರ ಮುಂದೆ ಓದಿದ ಲೆಕ್ಕದ ಪರಂಪರೆ ಇಂದಿಗೂ ಬಾಳುತ್ತಿದೆ. ಹೊಸದಾಗಿ ಅಧಿಕಾರ ವಹಿಸಿಕೊಂಡವರು ತಮ್ಮ ಮೇಜಿನ ಮೇಲಿನ ಅಂದಾಜುಪಟ್ಟಿಯನ್ನು ತೆರೆಯುವಾಗ ಇದನ್ನು ನೆನೆದುಕೊಂಡರೆ, ಆ ಒಣ ಅಂಕಿಗಳ ಹಿಂದೆ ಮನುಷ್ಯರ ಮುಖಗಳು ಕಂಡಾವು; ಆಗ ಕೂಡುವುದೂ ಕಳೆಯುವುದೂ ಸರಿಯಾಗಿಯೇ ಬಂದೀತು.